ಮಸಿ ತೊಳೆದ ಮನೆ

ಹಳೆಯ ಕಟ್ಟಡ ಉಳಿಸುವ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿದು, ಊಟಿಯ ಚಳಿಯ ಬಗ್ಗೆ ನಾಲ್ಕು ಮಾತಾಡಿ, ಆಮೇಲೆ ಮೆಲ್ಲಗೆ ನೋಟ್‌ಬುಕ್ ತೆಗೆಯುತ್ತಾರೆ. "ಹಳೇ ಮರಕ್ಕೆ ಹುಳ ಬೀಳದ ಹಾಗೆ ನೀವು ಯಾವ ಔಷಧಿ ಹಾಕ್ತಿದ್ರಿ ಸಾರ್?" ಎಂದು ಕೇಳುತ್ತಾರೆ. ನಾನು ಔಷಧಿಯ ಹೆಸರು ಹೇಳುವುದಿಲ್ಲ. ನನ್ನ ದಡ್ಡತನದ ಕಥೆ ಹೇಳುತ್ತೇನೆ. ಕೆಲವರಿಗೆ ಅದು ಹಿಡಿಸದೆ ನೋಟ್‌ಬುಕ್ ಮುಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ, ನನಗೇನು! ಆಯುಸ್ಸೆಲ್ಲ ಮರ ಮುಟ್ಟಿಕೊಂಡೇ ಕಳೆದವನಿಗೆ ಬುದ್ಧಿ ಕಲಿಸಿದ್ದು ಒಂದೇ ಒಂದು ಮನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನಂಜುಂಡ. ನಮ್ಮಪ್ಪ ಗುಂಡ್ಲುಪೇಟೆ ಕಡೆಯವರು, ಎತ್ತಿನ ಗಾಡಿಗೆ ಗಾಲಿ ಮಾಡುವ ಬಡಗಿ. ತರಕಾರಿ ಗಾಡಿಗಳ ಹಿಂದೆಯೇ ಬೆಟ್ಟ ಹತ್ತಿ ಬಂದು ಊಟಿ ಮಾರ್ಕೆಟ್ ಪಕ್ಕದಲ್ಲಿ ಉಳಿದುಬಿಟ್ಟರು. ಗಾಡಿಗಳು ಹೋಗಿ ಲಾರಿಗಳು ಬಂದವು. ನಾನು ಉಳಿ, ಕೊಡತಿ ಹಿಡಿದುಕೊಂಡು ಊರ ಹೊರಗಿನ ಮ್ಯೂಸಿಯಮ್ಮಿಗೆ ಮೇಸ್ತ್ರಿಯಾಗಿ ಸೇರಿದೆ. ಆಮೇಲೆ ರಿಜಿಸ್ಟರಿನಲ್ಲಿ ನನ್ನ ಹುದ್ದೆಯ ಹೆಸರು ಏನೇನೋ ಆಯಿತು, ಕರೆಯುವವರು ಕೊನೆಯವರೆಗೂ ಮೇಸ್ತ್ರಿ ಎಂದೇ ಕರೆದರು.

ನಮ್ಮ ದೊಡ್ಡ ಅಧಿಕಾರಿ ಸುಂದರಂ ಸಾರ್, ಕ್ಯುರೇಟರು. ಬೆಟ್ಟದ ಕೆಳಗಿನ ಊರಿನವರು, ತಮಿಳು ಬಿಟ್ಟರೆ ಇಂಗ್ಲಿಷು, ನನ್ನ ಜೊತೆ ಮಾತ್ರ ಅಷ್ಟಿಷ್ಟು ಕನ್ನಡ. ಮನುಷ್ಯ ಒಳ್ಳೆಯವರೇ, ಆದರೆ ಧೂಳು ಕಂಡರೆ ಅವರಿಗೆ ಜೀವ ಹೋಗುತ್ತಿತ್ತು. ಎಲ್ಲಿ ಕೂರಬೇಕಾದರೂ ಮೊದಲು ಕರ್ಚೀಫು ಹಾಸುತ್ತಿದ್ದರು. ನನ್ನ ಜೊತೆಗೆ ಕೆಲಸಕ್ಕಿದ್ದವನು ಗೂಡಲೂರು ಕಡೆಯ ವೇಲಾಯುಧನ್. ಜಾತಿಯಲ್ಲೂ ಬಡಗಿ, ಕೆಲಸದಲ್ಲೂ ಬಡಗಿ, ಎಲ್ಲರಿಗೂ ಅವನು ಆಶಾರಿ. ಅವನ ಮಲಯಾಳ, ನನ್ನ ಕನ್ನಡ, ಸಾರ್ ಅವರ ತಮಿಳು, ಮೂರೂ ಒಂದೇ ಸಾರಿಗೆ ಎದ್ದರೆ ಮ್ಯೂಸಿಯಮ್ಮು ಸಂತೆಯಾಗುತ್ತಿತ್ತು.

ತೊಂಬತ್ತರ ದಶಕದಲ್ಲಿ ಹಟ್ಟಿಗಳಲ್ಲೆಲ್ಲ ಹಳೆಯ ಮನೆ ಕೆಡವಿ ಕಾಂಕ್ರೀಟು ಹಾಕುವ ಕಾಲ. ಬೆಟ್ಟದವರು ತಮ್ಮ ಊರಿಗೆ ಹಟ್ಟಿ ಎನ್ನುತ್ತಾರೆ, ಅಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ. ತುಮ್ಮನಟ್ಟಿ ಕಡೆಯ ಒಂದು ಹಟ್ಟಿಯಲ್ಲಿ ಆ ಸಾಲಿನ ಕೊನೆಯ ಮನೆಯೊಂದೇ ಉಳಿದಿತ್ತು. ಆ ಮನೆಯವರೂ ಕೆಡವುತ್ತಾರೆಂದು ಗೊತ್ತಾಗಿ, ಅದನ್ನು ಬಿಚ್ಚಿ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸುವುದೆಂದು ಸಾರ್ ತೀರ್ಮಾನ ಮಾಡಿದರು. ನಾವು ಮೂವರೂ ಜೀಪಿನಲ್ಲಿ ಹೋದೆವು.

ಕಲ್ಲು ಮಣ್ಣಿನ ಗೋಡೆ, ಹೆಂಚಿನ ಮಾಡು, ತಲೆ ಬಗ್ಗಿಸದಿದ್ದರೆ ಹಣೆಗೆ ಬಡಿಯುವ ಬಾಗಿಲು. ಒಳಗೆ ಕಾಲಿಟ್ಟರೆ ಏನೂ ಕಾಣಿಸಲಿಲ್ಲ. ಕಣ್ಣು ಹೊಂದಿದ ಮೇಲೆ ನೋಡಿದರೆ ತೊಲೆ, ಕಂಬ, ಜಂತೆ, ಅಟ್ಟ ಎಲ್ಲವೂ ಬಾಣಲೆಯ ತಳದಷ್ಟು ಕಪ್ಪು. ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಅದರ ಮುಂದೆ ಬಿಳಿ ಸೀರೆಯುಟ್ಟು ಬಿಳಿ ಬಟ್ಟೆ ಹೊದ್ದ ಒಬ್ಬ ಹೆಂಗಸು. ಅವರೇ ಮಾದಿಯವ್ವ, ಆ ಮನೆಯ ಯಜಮಾನಿ. ಲಿಂಗಾಯತರ ಮನೆತನ, ಗಂಡ ತೀರಿಕೊಂಡಿದ್ದರು, ಮಗ ಸೊಸೆ ಪಕ್ಕದಲ್ಲೇ ಹೊಸ ಮನೆಗೆ ತಳಪಾಯ ಹಾಕಿಸಿದ್ದರು. ಮಾದಿಯವ್ವನ ಮಾತು ಬಡಗ, ಈ ಬೆಟ್ಟದವರ ನುಡಿ. ಓದುವವರಿಗೆ ತಿಳಿಯಲೆಂದು ಅದನ್ನು ಅರ್ಧ ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿದ್ದೇನೆ, ಹಟ್ಟಿಯವರು ಬೈಯಬಾರದು.

"ಏ ತಮ್ಮಾ, ಇದ ಬಿಚ್ಚಿ ಕೊಂಡೋಗಿ ಏನ ಮಾಡ್ತೀರ? ಸೌದೆಯಾ?"

"ಇಲ್ಲ ಅವ್ವಾ, ಇದ್ದಂಗೇ ಕಟ್ತೀವಿ. ಜನ ಬಂದು ನೋಡ್ತಾರೆ."

"ಹೊಗೆ ಹಿಡ್ದ ಮನೆ, ನೋಡಾಕೆ ಏನೈತೆ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ತಲೆಯೆತ್ತಿ ದೊಡ್ಡ ತೊಲೆಯನ್ನು ನೋಡಿದರು. "ಮದುವೆಯಾಗಿ ಬಂದಾಗ ಈ ತೊಲೆ ಕೆಳಗೇ ನನ್ನ ಕೂರಿಸಿದ್ರು. ನೀವು ಅಲ್ಲಿ ನಿಲ್ಲಿಸಿದ ಮೇಲೆ, ನನ್ನ ಕಣ್ಣು ಮುಚ್ಚೋಗಂಟ ಇದು ನೆಲಕ್ಕೆ ಬರಬಾರ್ದು. ಆಮೇಲೆ ಏನಾರ ಮಾಡ್ಕೊಳ್ಳಿ. ಮಾತು ಕೊಡು."

ಅವರು ಕೇಳಿದ್ದು ಸುಂದರಂ ಸಾರನ್ನಲ್ಲ, ನನ್ನನ್ನು. ಸಾರ್ ಇಂಗ್ಲಿಷಿನಲ್ಲಿ ಕಾಗದ ಬರೆಸಿಕೊಳ್ಳುತ್ತಿದ್ದರು, ಅದು ಮಾದಿಯವ್ವನಿಗೆ ಬೇಕಿರಲಿಲ್ಲ. ನಾನು ಅವರ ಅಂಗೈ ಮೇಲೆ ಅಂಗೈ ಇಟ್ಟು, "ಕೊಟ್ಟೆ ಅವ್ವಾ. ನಾನು ಆ ಕೆಲಸದಲ್ಲಿರೋವರೆಗೂ ಬೀಳೋಕೆ ಬಿಡಲ್ಲ" ಎಂದೆ. ಆಗ ನನಗೆ ನಲವತ್ತರ ಹತ್ತಿರ ವಯಸ್ಸು. ಮಾತು ಕೊಡುವುದಕ್ಕೆ ಹಿಂದೆ ಮುಂದೆ ನೋಡುವ ವಯಸ್ಸಲ್ಲ ಅದು.

ಹೆಂಚು ಇಳಿಸುವ ದಿನ ಬೆಳಿಗ್ಗೆ ಮಾದಿಯವ್ವ ಒಲೆಯಿಂದ ಕೆಂಡ ಬಾಚಿ, ಮಣ್ಣಿನ ಮಡಕೆಗೆ ತುಂಬಿ, ಮೇಲೆ ಬೂದಿ ಮುಚ್ಚಿ ಹಿತ್ತಲಿನ ಕೊಟ್ಟಿಗೆ ಕಡೆಗೆ ತೆಗೆದುಕೊಂಡು ಹೋದರು. ನಮಗೆ ಟೀ ಕಾಯಿಸುವುದಕ್ಕಿರಬೇಕು ಅಂದುಕೊಂಡೆ. ಟೀಯೂ ಬಂತು. ನಾವು ಹೊರಡುವಾಗ, "ಒಲೆ ಕಲ್ಲು ಮರೀಬೇಡ ತಮ್ಮಾ, ಮೂರೂ ತಗೊಂಡೋಗು" ಎಂದು ಎರಡು ಸಲ ಹೇಳಿದರು. ಮೂರನ್ನೂ ಗೋಣಿಯಲ್ಲಿ ಸುತ್ತಿ ಲಾರಿಗೆ ಹಾಕಿದೆ.

ಈಗ ನನ್ನ ಮೊದಲನೆಯ ಎಡವಟ್ಟು. ಬಿಚ್ಚುವ ಮುಂಚೆ ಪ್ರತಿಯೊಂದು ಮರಕ್ಕೂ ನಂಬರು ಹಾಕಬೇಕು, ಇದು ಯಾರಿಗಾದರೂ ಗೊತ್ತು. ನಾನು ಸೀಮೆಸುಣ್ಣದಲ್ಲಿ ಹಾಕಿದೆ. ಕಪ್ಪು ಮರದ ಮೇಲೆ ಬಿಳಿ ಅಂಕಿ ಎಷ್ಟು ಚೆಂದ ಕಾಣುತ್ತದೆ ಎಂದು ಮೀಸೆ ತಿರುವಿದೆ. ಲಾರಿ ಹೊರಟಿತು, ದಾರಿಯಲ್ಲಿ ಮಂಜು ಇಳಿಯಿತು, ಮಂಜಿನ ಹಿಂದೆ ಜಿಟಿಜಿಟಿ ಮಳೆ. ಮ್ಯೂಸಿಯಮ್ಮಿನಲ್ಲಿ ಟಾರ್ಪಾಲು ಸರಿಸಿ ನೋಡಿದರೆ ಒಂದು ನಂಬರೂ ಇಲ್ಲ! ಕೈಯಲ್ಲಿ ಪಟ್ಟಿ ಇದೆ, ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಎಲ್ಲವೂ ಇದೆ, ಯಾವುದು ಯಾವ ಮರ ಎಂದು ಮಾತ್ರ ಗೊತ್ತಿಲ್ಲ.

ನಾನು ಅಲ್ಲೇ ಕುಕ್ಕರಿಸಿದೆ. ನಲವತ್ತು ವರ್ಷಕ್ಕೇ ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

"ಪೇಡಿಕ್ಕೇಂಡ ಮೇಸ್ತ್ರೀ" ಎಂದ ಆಶಾರಿ. ಹೆದರಬೇಡ ಎಂದು ಅರ್ಥ. ಬೀಡಿ ಹಚ್ಚಿಕೊಂಡು ಒಂದು ತೊಲೆಯ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿದ. ಆಮೇಲೆ ಬೆರಳಿಟ್ಟು ತೋರಿಸಿದ. ತೊಲೆಯೆಲ್ಲ ಕಪ್ಪು, ಒಂದು ಕಡೆ ಮಾತ್ರ ಅಂಗೈಯಗಲ ಜಾಗ ಬೆಳ್ಳಗೆ. ಕಂಬದ ತಲೆ ಅಲ್ಲಿ ಕೂತಿತ್ತು, ಅಲ್ಲಿಗೆ ಹೊಗೆ ಹೋಗಿಲ್ಲ. ಹಳೆಯ ಕಾಲದ ಮರ, ಕೈಯಲ್ಲಿ ಕೆತ್ತಿದ್ದು, ಒಂದು ಕಂಬದ ತಲೆ ಇನ್ನೊಂದರಂತಿಲ್ಲ. ಒಂದು ಚೌಕ, ಒಂದು ಸೊಟ್ಟ, ಒಂದಕ್ಕೆ ಮೂಲೆ ಒಡೆದಿದೆ. ಬಿಳಿ ಕಲೆಯ ಆಕಾರ ನೋಡಿ ಅದಕ್ಕೆ ಸರಿಯಾದ ಕಂಬ ಹುಡುಕುತ್ತಾ ಹೋದೆವು. ಜಂತೆಗಳಿಗೂ ಹಾಗೆಯೇ. ಎಲ್ಲಿ ಯಾವುದು ಕೂತಿತ್ತೆಂದು ಮಸಿಯೇ ನಮಗೆ ಬರೆದಿಟ್ಟಿತ್ತು. ಒಂದು ಮರವೂ ತಪ್ಪದೆ ಮನೆ ಎದ್ದು ನಿಂತಿತು. ಸೀಮೆಸುಣ್ಣದ ಸುದ್ದಿ ಸುಂದರಂ ಸಾರ್ ಅವರಿಗೆ ಇವತ್ತಿಗೂ ಗೊತ್ತಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ.

ಇಷ್ಟು ಉಪಕಾರ ಮಾಡಿದ ಮಸಿಗೆ ನಾನು ಮಾಡಿದ್ದೇನು ಗೊತ್ತೆ? ತೊಳೆದುಬಿಟ್ಟೆ. ಹತ್ತಿದ ಏಣಿಯನ್ನೇ ಒದ್ದ ಹಾಗೆ.

ಇದರಲ್ಲಿ ಸಾರ್ ಅವರ ತಪ್ಪಿಲ್ಲ. ಬಂದವರ ಬಟ್ಟೆಗೆ ಹತ್ತುತ್ತದೆ, ಸ್ವಲ್ಪ ಗುಡಿಸಿ ಎಂದಷ್ಟೇ ಅವರು ಹೇಳಿದ್ದು. ಕಾಸ್ಟಿಕ್ ಸೋಡಾ ನನ್ನ ತಲೆಯಿಂದ ಬಂದದ್ದು. ಒಂದು ಮೂಲೆ ಉಜ್ಜಿ ನೋಡಿದೆ, ಒಳಗಿನಿಂದ ಜೇನಿನ ಬಣ್ಣದ ಮರ ಎದ್ದು ಬಂತು. ಬಡಗಿಯ ಮಗನಿಗೆ ಅದನ್ನು ಕಂಡ ಮೇಲೆ ಕೈ ಸುಮ್ಮನಿರುತ್ತದೆಯೇ? ಬಕೆಟ್ಟು, ಬ್ರಷ್ಷು, ಸ್ಯಾಂಡ್‌ಪೇಪರು ಹಿಡಿದು ವಾರಗಟ್ಟಲೆ ಉಜ್ಜಿದೆ. ಕಪ್ಪು ನೀರು ಚರಂಡಿ ತುಂಬಿ ಹರಿಯಿತು.

ಆಶಾರಿ ಒಂದು ಮಾತು ಹೇಳಿದ್ದ. "ಮರದ ತೊಗಲು ಸುಲೀತಿದ್ದೀಯ ಮೇಸ್ತ್ರೀ. ಬೇಡ."

"ನಿಂಗೆ ಸೋಂಬೇರಿತನ ಕಣಯ್ಯಾ, ಬ್ರಷ್ಷು ಹಿಡಿಯೋಕೆ ಬೇಜಾರು" ಎಂದು ಅವನನ್ನೇ ಛೇಡಿಸಿದೆ. ಅವನು ಬೀಡಿ ಹಚ್ಚಿಕೊಂಡು ಆಚೆ ಹೋದ. ನಾನು ಮೇಲೆ ಎರಡು ಕೋಟು ವಾರ್ನಿಷ್ ಹೊಡೆದೆ.

ಒಲೆಗೆ ಏನು ಮಾಡುವುದು ಎಂಬ ಪ್ರಶ್ನೆ ಬಂತು. ಮ್ಯೂಸಿಯಮ್ಮಿನೊಳಗೆ ಬೆಂಕಿ ಹಚ್ಚಬಾರದು ಎಂಬ ನಿಯಮವನ್ನು ಸಾರ್ ಅವರೇ ಬರೆದು ಗೋಡೆಗೆ ಹಾಕಿಸಿದ್ದರು. ಹಾಗಾಗಿ ಮೂರು ಕಲ್ಲನ್ನೂ ತೊಳೆದು, ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಬಟ್ಟೆಯ ಮೇಲಿಟ್ಟು, ಸ್ಕ್ರೂ ಬಿಗಿದು, ಮುಂದೆ ಮೂರು ಭಾಷೆಯಲ್ಲಿ ಚೀಟಿ ಅಂಟಿಸಿದೆವು. ನೋಡಲು ಬಹಳ ಗೌರವವಾಗಿತ್ತು.

ಮನೆ ತೆರೆಯುವ ದಿನ ದೊಡ್ಡವರೆಲ್ಲ ಬಂದರು, ಫೋಟೋ ಹೊಡೆಸಿಕೊಂಡರು, ನನ್ನ ಬೆನ್ನು ತಟ್ಟಿದರು. ನಾನು ಮಾತ್ರ ಮಾದಿಯವ್ವನ ದಾರಿ ಕಾಯುತ್ತಿದ್ದೆ. ಅವರ ಬಾಯಿಂದ ಒಂದು ಭೇಷ್ ಬರಲಿ ಎಂಬ ಆಸೆ. ಮಗನ ಜೊತೆ ಬಂದರು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದರು. ಮಿರಿಮಿರಿ ಮಿಂಚುವ ತೊಲೆಯ ಕೆಳಗೆ ನಿಂತು ಸುತ್ತಲೂ ನೋಡಿದರು.

"ಕಿಚ್ಚು ಎಲ್ಲಿ?" ಎಂದು ಕೇಳಿದರು.

ಕಿಚ್ಚು ಎಂದರೆ ಬೆಂಕಿ. ಸಾರ್ ಹೆಮ್ಮೆಯಿಂದ ಗಾಜಿನ ಪೆಟ್ಟಿಗೆ ತೋರಿಸಿದರು. ಮಾದಿಯವ್ವ ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. ನಮ್ಮ ಟೀ ಕುಡಿಯಲಿಲ್ಲ. ನನಗೆ ಬಹಳ ಬೇಜಾರಾಯಿತು. ಇಷ್ಟು ಕಷ್ಟಪಟ್ಟು ಮಾಡಿದರೂ ಮುದುಕಿಗೆ ಒಂದು ಒಳ್ಳೆ ಮಾತು ಇಲ್ಲವಲ್ಲ ಎಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಹತ್ತಿರ ಗೊಣಗಿದೆ.

ಎರಡು ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಆ ಮನೆಯ ನೆಲದ ಮೇಲೆ ಕಡಲೆ ಹಿಟ್ಟು ಚೆಲ್ಲಿದಂತೆ ಸಣ್ಣ ಸಣ್ಣ ಗುಪ್ಪೆ. ಗುಡಿಸುವವಳಿಗೆ ಬೈದೆ. ಅವಳು ನನ್ನ ಎದುರಿಗೇ ಗುಡಿಸಿ ತೋರಿಸಿದಳು. ಮಾರನೆಯ ದಿನ ಮತ್ತೆ ಅದೇ ಜಾಗದಲ್ಲಿ ಅದೇ ಗುಪ್ಪೆ. ಏಣಿ ಹಾಕಿ ಹತ್ತಿ ನೋಡಿದರೆ ವಾರ್ನಿಷ್ ತುಂಬ ಸೂಜಿ ಚುಚ್ಚಿದಂಥ ತೂತುಗಳು. ತೊಲೆಗೆ ಕಿವಿ ಇಟ್ಟೆ. ಒಳಗೆ ಕಟಕಟ, ಕಟಕಟ. ಕುಟ್ಟೆ ಹುಳ!

ಬೀಗ ಹಾಕಿಟ್ಟ ಮನೆಯಂತೆ ಅದು ಒಳಗೊಳಗೇ ಥಂಡಿ ಹಿಡಿದಿತ್ತು. ಗೋಡೆ ಒದ್ದೆ, ಮರ ಒದ್ದೆ. ಆದರೆ ಯಾಕೆ ಎಂದು ನಾನು ಯೋಚಿಸಲೇ ಇಲ್ಲ. ಔಷಧಿ ತರಿಸಿದೆ. ಡಾಕ್ಟರು ಬಳಸುವಂಥ ಪಿಚಕಾರಿ ಸೂಜಿ ತರಿಸಿ ಒಂದೊಂದೇ ತೂತಿಗೆ ಚುಚ್ಚುತ್ತಾ ಅಟ್ಟಣಿಗೆಯ ಮೇಲೆ ದಿನಗಟ್ಟಲೆ ಮಲಗಿದೆ. ಊಟಿ ನೋಡಲು ಬಂದ ಮೈಸೂರು ಕಡೆಯ ಹೆಂಗಸೊಬ್ಬರು ಕೆಳಗಿನಿಂದ, "ಏನ್ ಡಾಕ್ಟ್ರೇ, ಮನೆಗೆ ಜ್ವರಾನಾ?" ಎಂದು ಕೇಳಿ ಜೊತೆಯವರನ್ನೆಲ್ಲ ನಗಿಸಿದರು. ನಾನೂ ನಕ್ಕೆ, ಬೇರೆ ಏನು ಮಾಡಲಿ. ಈ ತೂತು ಮುಚ್ಚಿದರೆ ಆ ಕಡೆ ಹತ್ತು ತೂತು ಹೊಸದು.

ಕೊನೆಗೆ ಎಂಜಿನಿಯರ್ ಒಬ್ಬರು ಬಂದು ಜಂತೆಗೆ ಸ್ಕ್ರೂಡ್ರೈವರು ಚುಚ್ಚಿದರು. ಹಿಡಿಯವರೆಗೂ ಒಳಗೆ ಹೋಯಿತು. ಜನರ ತಲೆ ಮೇಲೆ ಬೀಳುವ ಮುಂಚೆ ಮಾಡಿನ ಮರವನ್ನೆಲ್ಲ ಇಳಿಸಿ ಕಬ್ಬಿಣ ಹಾಕಿ ಎಂದು ಬರೆದುಕೊಟ್ಟರು. ಸುಂದರಂ ಸಾರ್ ನನ್ನನ್ನು ಕರೆದು ಕಾಗದ ತೋರಿಸಿದರು. ಅವರ ಮುಖವೂ ಸಣ್ಣಗಾಗಿತ್ತು. "ಎನ್ನ ಸೆಯ್ಯಲಾಂ ನಂಜುಂಡಾ? ಏನು ಮಾಡೋದು ಹೇಳು. ಈ ಮಳೆ ನಿಂತ ಮೇಲೆ ಇಳಿಸಿಬಿಡೋಣ" ಎಂದರು.

ತೊಲೆ ನೆಲಕ್ಕೆ ಬರುತ್ತದೆ. ಮಾದಿಯವ್ವ ಗಟ್ಟಿಮುಟ್ಟಾಗಿ ಬದುಕಿದ್ದಾರೆ. ಅಂಗೈ ಮೇಲೆ ಅಂಗೈ ಇಟ್ಟವನು ನಾನು.

ಬೇರೆಯವರ ಬಾಯಿಂದ ಅವರಿಗೆ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು ಎಂದು ಒಂದು ಭಾನುವಾರ ಬಸ್ಸು ಹತ್ತಿದೆ. ಹಟ್ಟಿಯಲ್ಲಿ ಹೊಸ ಮನೆ ಹಸಿರು ಬಣ್ಣ ಬಳಿದುಕೊಂಡು ನಿಂತಿತ್ತು. ಸೊಸೆ ಗ್ಯಾಸಿನ ಒಲೆಯ ಮುಂದಿದ್ದವಳು, "ಅತ್ತೆ ಹಿತ್ತಲಲ್ಲಿ" ಎಂದು ಕೈ ತೋರಿಸಿದಳು. ಮಾದಿಯವ್ವ ಕೊಟ್ಟಿಗೆಯ ಮೂಲೆಯಲ್ಲಿ ಸಣ್ಣದೊಂದು ಒಲೆ ಹೂಡಿಕೊಂಡು ಆಲೂಗಡ್ಡೆ ಬೇಯಿಸುತ್ತಿದ್ದರು. ಕೂರು ಎಂದರು. ಕೂರದೆ ನಿಂತುಕೊಂಡೇ ಎಲ್ಲ ಹೇಳಿದೆ. ಮಸಿ ತೊಳೆದದ್ದು, ಹುಳ ಬಿದ್ದದ್ದು, ಸ್ಕ್ರೂಡ್ರೈವರು ಇಳಿದದ್ದು.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಆಲೂಗಡ್ಡೆಗೆ ಕಡ್ಡಿ ಚುಚ್ಚಿ ಬೆಂದಿದೆಯೇ ಎಂದು ನೋಡಿದರು.

"ಮಳೆಗಾಲದಾಗೂ ಕಿಚ್ಚು ಹಾಕಿಲ್ವಾ?"

"ಇಲ್ಲ ಅವ್ವಾ. ಮ್ಯೂಸಿಯಮ್ಮಲ್ಲಿ ಹಾಕಂಗಿಲ್ಲ."

"ಅಯ್ಯೋ ಮಂಕೇ! ಎಲ್ಡು ಮಳೆಗಾಲ ಕಿಚ್ಚಿಲ್ದೆ ಮನುಷ್ಯನೇ ಈ ಬೆಟ್ಟದಾಗೆ ಬದುಕಾಕಿಲ್ಲ, ಮರ ಬದುಕ್ತೈತಾ?"

ಅವರು ಸೌಟು ಎತ್ತಿ ಒಲೆಯ ಮೇಲುಗಡೆ ಅಡ್ಡಕ್ಕೆ ಕಟ್ಟಿದ್ದ ಒಂದು ಕೋಲಿಗೆ ಹೊಡೆದರು. ಟಣ್ ಎಂದಿತು, ಕಬ್ಬಿಣಕ್ಕೆ ಹೊಡೆದ ಹಾಗೆ. ಬಟ್ಟೆ ಒಣಹಾಕಲು ಕಟ್ಟಿದ್ದ ಆ ಕೋಲು ನೋಡಿದ ಕೂಡಲೇ ಗುರುತು ಸಿಕ್ಕಿತು. ಹಳೆಯ ಮನೆಯದೇ ಜಂತೆ. ತುದಿ ಮುರಿದಿದೆ ಎಂದು ನಾವೇ ಬಿಟ್ಟುಹೋಗಿದ್ದ ತುಂಡು. ಕರ್ರಗೆ, ಒಣಗಿ, ಒಂದು ತೂತಿಲ್ಲದೆ ನಿಂತಿದೆ. ಅದೇ ಮರ, ಅದೇ ವಯಸ್ಸು. ನಾನು ಉಜ್ಜಿ ಬೆಳಗಿದ ಅದರ ಅಣ್ಣತಮ್ಮಂದಿರು ಹಿಟ್ಟಾಗಿ ಉದುರುತ್ತಿದ್ದಾರೆ. ಮೂವತ್ತು ಸಲ ಏಣಿ ಹತ್ತಿದರೂ ನನಗೆ ಹೊಳೆಯದೆ ಇದ್ದದ್ದು ಒಂದು ಸೌಟಿನ ಏಟಿಗೆ ಹೊಳೆಯಿತು. ಅಲ್ಲೇ ಮಣೆಯ ಮೇಲೆ ಕೂತೆ.

"ಇದ ಬಿಚ್ಕೊಂಡೋಗು, ನಿನ್ನ ದೊರೆಗೆ ತೋರ್ಸು" ಎಂದರು. "ಮೊದಲು ಗೆಡ್ಡೆ ತಿನ್ನು. ಮುಖ ನೋಡು, ಬೆಳಿಗ್ಗಿಂದ ಏನೂ ತಿಂದಂಗಿಲ್ಲ."

ಊಟಿ ಬಸ್ಸಿನಲ್ಲಿ ಆ ಕಪ್ಪು ಕೋಲು ಹಿಡಿದುಕೊಂಡು ನಿಂತೆ. ಪಕ್ಕದವರ ಅಂಗಿ, ಹಿಂದಿನವರ ಚೀಲ, ಕಂಡಕ್ಟರನ ತೋಳು ಎಲ್ಲಕ್ಕೂ ಮಸಿ. ಮೂರು ಭಾಷೆಯಲ್ಲಿ ಬೈಸಿಕೊಂಡೆ. ಸೋಮವಾರ ಬೆಳಿಗ್ಗೆ ಸುಂದರಂ ಸಾರ್ ಬರುವ ಮುಂಚೆಯೇ ಅವರ ಬಿಳಿ ಹಾಸಿನ ಮೇಜಿನ ಮೇಲೆ ಆ ಕೋಲನ್ನು ಮಲಗಿಸಿ, ಪಕ್ಕದಲ್ಲಿ ನಮ್ಮ ಮಾಡಿನದೊಂದು ವಾರ್ನಿಷ್ ಜಂತೆಯ ತುಂಡು ಇಟ್ಟೆ.

"ಎನ್ನಪ್ಪಾ ಇದು!" ಎಂದು ಸಾರ್ ಹೌಹಾರಿದರು.

"ಎರಡಕ್ಕೂ ಒಂದೊಂದು ಏಟು ಹೊಡೀರಿ ಸಾರ್" ಎಂದೆ.

ಪೇಪರ್‌ವೆಯ್ಟು ತೆಗೆದುಕೊಂಡು ಹೊಡೆದರು. ಒಂದು ಟಣ್, ಒಂದು ಬೊದ್. ಮತ್ತೆ ಹೊಡೆದರು. ಸೋಡಾ ಹಾಕಿ ತೊಳೆದದ್ದು ನನ್ನದೇ ಬುದ್ಧಿ, ನೀವು ಗುಡಿಸಿ ಅಂದಿದ್ದಿರಿ ಅಷ್ಟೆ ಎಂದು ಒಪ್ಪಿಕೊಂಡೆ. ದಿನಾ ಒಲೆ ಹಚ್ಚಬೇಕು, ಬೇರೆ ದಾರಿಯಿಲ್ಲ ಎಂದೆ. ಅವರು ಎದ್ದು, ಕಿಟಕಿಯಿಂದ ಹೊರಗೆ ತಾವೇ ಹಾಕಿಸಿದ್ದ ನಿಯಮದ ಬೋರ್ಡು ನೋಡಿ, "ನನ್ನ ಕೈಯಿಂದಲೇ ಬರೆದದ್ದು" ಎಂದರು. ಮೊದಲು ಕೆಟ್ಟ ಜಂತೆ ಬದಲಿಸಿ, ಔಷಧಿ ಹೊಡೆದು, ಆಮೇಲೆ ಒಂದು ತಿಂಗಳು ಹಚ್ಚಿ ನೋಡೋಣ ಎಂದು ಒಪ್ಪಿದರು. ಆ ಕಾಲದಲ್ಲಿ ಒಬ್ಬ ಅಧಿಕಾರಿ ಮೇಸ್ತ್ರಿಯ ಮಾತಿಗೆ ತನ್ನ ನಿಯಮ ಮುರಿಯುವುದು ಸಣ್ಣ ಸಂಗತಿಯಲ್ಲ. ಅವರ ಕರ್ಚೀಫಿಗೆ ನಾನು ಆಮೇಲೆ ಎಂದೂ ನಗಲಿಲ್ಲ.

ಹೊಗೆಯೊಂದೇ ಎಲ್ಲ ಮಾಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪೂರ್ತಿ ಹಾಳಾಗಿದ್ದ ಜಂತೆಗಳನ್ನು ಆಶಾರಿ ಬದಲಿಸಿದ. ದೊಡ್ಡ ತೊಲೆ ಗಟ್ಟಿ ಜೀವ, ಹುಳ ಇನ್ನೂ ಮೇಲುಮೇಲೆ ಇತ್ತು. ವಾರ್ನಿಷ್ ಕೆರೆದು ತೆಗೆದು ಔಷಧಿ ಕುಡಿಸಿದೆವು. ಆಶಾರಿ ಕೆರೆಯುವಾಗ, "ನನಗೆ ಸೋಂಬೇರಿತನ ಅಲ್ಲವಾ ಮೇಸ್ತ್ರೀ" ಎಂದು ದಿನಕ್ಕೊಂದು ಸಲ ನೆನಪು ಮಾಡುತ್ತಿದ್ದ. ಕೇಳಿಸಿಕೊಳ್ಳಬೇಕಾಗಿತ್ತು, ಕೇಳಿಸಿಕೊಂಡೆ.

ಒಲೆ ಹಚ್ಚುವುದೇನು ಮಹಾ ಎಂದು ಮೊದಲ ದಿನ ನಾನೇ ಕೂತೆ. ಅಂಗಳದಲ್ಲಿ ಬಿದ್ದಿದ್ದ ನೀಲಗಿರಿ ಮರದ ಹಸಿ ತುಂಡು ಇಟ್ಟು ಕಾಗದ ಹಚ್ಚಿದೆ. ಹೊಗೆ ಮೇಲೆ ಹೋಗುವ ಬದಲು ಬಾಗಿಲಿನಿಂದ ಓಡಿ ಬಂತು. ನೋಡಲು ಬಂದಿದ್ದ ಜನ ಕಣ್ಣುಜ್ಜಿಕೊಂಡು ಚೆಲ್ಲಾಪಿಲ್ಲಿಯಾದರು. ಕಾವಲುಗಾರ ಮರಳಿನ ಬಕೆಟ್ಟು ತಂದು ನನ್ನ ಮೇಲೇ ಸುರಿದ. ಸಾರ್ ದೂರದಲ್ಲಿ ನಿಂತು, "ಮಾದಿಯಮ್ಮನನ್ನು ಕರೆದುಕೊಂಡು ಬಾ" ಎಂದಷ್ಟೇ ಹೇಳಿದರು.

ಹೇಳಿ ಕಳಿಸಿದೆವು. ಮಾರನೆಯ ದಿನ ಬೆಳಿಗ್ಗೆ ಹಟ್ಟಿಯಿಂದ ಫೋನು ಬಂತು, ಅವರ ಮಗನದು. "ನಂಜುಂಡಣ್ಣಾ, ನಮ್ಮವ್ವ ಬಸ್‌ಸ್ಟಾಪಲ್ಲಿ ಜಗಳ ಮಾಡ್ತಾ ನಿಂತವ್ರೆ. ಕಂಡಕ್ಟ್ರು ಹತ್ತಿಸ್ಕೊಳ್ತಾ ಇಲ್ಲ. ಮಡಕೆ ತುಂಬ ಕೆಂಡ ಇಟ್ಕೊಂಡವ್ರೆ!"

ಸುಂದರಂ ಸಾರ್ ಜೀಪು ಕಳಿಸಿದರು. ನಾನೇ ಹೋದೆ. ಮಾದಿಯವ್ವ ಮಡಕೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ನನ್ನ ಪಕ್ಕ ಕೂತರು.

"ಯಾಕವ್ವಾ ಇಷ್ಟು ಕಷ್ಟ? ಬೆಂಕಿಪೊಟ್ಟಣ ನಮ್ಮಲ್ಲೂ ಐತಲ್ಲ" ಎಂದೆ.

"ಇದು ಆ ಮನೆ ಕಿಚ್ಚು ತಮ್ಮಾ. ನೀವು ಹೆಂಚು ಇಳಿಸಿದ ದಿನ ಕೊಟ್ಟಿಗೆಗೆ ತಂದಿದ್ನಲ್ಲ, ಅದೇ. ದಿನಾ ಬೂದಿ ಮುಚ್ತೀನಿ, ದಿನಾ ಬಿಚ್ತೀನಿ. ಆರಾಕೆ ಬಿಟ್ಟಿಲ್ಲ."

ಅಂದು ಅವರು ಕೆಂಡ ಬಾಚಿಕೊಂಡು ಹೋದದ್ದು ಟೀ ಕಾಯಿಸುವುದಕ್ಕೆ ಅಂದುಕೊಂಡಿದ್ದೆನಲ್ಲ. ನಾವು ಕಲ್ಲು ಮರ ಹೊತ್ತುಕೊಂಡು ಮನೆ ಉಳಿಸಿದೆವು ಎಂದು ಬೀಗುತ್ತಿದ್ದ ಅಷ್ಟೂ ದಿನ, ಒಬ್ಬ ಹೆಂಗಸು ಆ ಮನೆಯ ಬೆಂಕಿಯನ್ನು ಹಿತ್ತಲಲ್ಲಿ ಸಾಕಿಕೊಂಡಿದ್ದರು. ಕಲ್ಲು ಮರೆಯಬೇಡ ಎಂದು ಅವರು ಎರಡು ಸಲ ಹೇಳಿದ್ದು ಯಾಕೆಂದು ಆಗ ತಿಳಿಯಿತು.

ಗಾಜಿನ ಪೆಟ್ಟಿಗೆಯ ಸ್ಕ್ರೂಗಳನ್ನು ಸುಂದರಂ ಸಾರ್ ತಾವೇ ಬಿಚ್ಚಿದರು. ಮೂರು ಕಲ್ಲನ್ನು ನಾನು ಇಟ್ಟೆ, ಮಾದಿಯವ್ವ ಒಪ್ಪದೆ ಮೂರನ್ನೂ ತಿರುಗಿಸಿ ಇಟ್ಟರು. ಕೆಂಡ ಸುರಿದು, ಕವಾತಿನಲ್ಲಿ ಸವರಿ ಹಾಕಿದ ಟೀ ಗಿಡದ ಒಣ ಕಡ್ಡಿಯನ್ನು ಒಂದೊಂದಾಗಿ ಜೋಡಿಸಿದರು. "ಹೊಗೆ ಓಡಬಾರ್ದು, ಹತ್ತಬೇಕು. ಅದಕ್ಕೆ ಕಿಚ್ಚು ದೊಡ್ಡದಾಗಬಾರ್ದು" ಎಂದು ಹೇಳಿಕೊಟ್ಟರು. ನೀಲಿ ಹೊಗೆ ನಿಧಾನಕ್ಕೆ ಅಟ್ಟ ದಾಟಿ, ತೊಲೆ ಸುತ್ತಿ, ಹೆಂಚಿನ ಸಂದಿಯಿಂದ ಹೊರಗೆ ಹೋಯಿತು. ಒಲೆಯ ಮೇಲೆ ಹಾಲು ಉಕ್ಕಿಸಿದರು. ಆವತ್ತು ನಮ್ಮ ಟೀ ಕುಡಿದರು, ಎರಡು ಲೋಟ.

ಒಂದು ತಿಂಗಳು ಎಂದದ್ದು ನಿಲ್ಲಲೇ ಇಲ್ಲ. ಮಾದಿಯವ್ವನ ಸೊಸೆಯನ್ನೇ ದಿನಾ ಒಲೆ ನೋಡಿಕೊಳ್ಳುವುದಕ್ಕೆ ಇಟ್ಟುಕೊಂಡೆವು. ರಿಜಿಸ್ಟರಿನಲ್ಲಿ ಒಲೆ ಹಚ್ಚುವವರು ಎಂಬ ಹುದ್ದೆ ಇರಲಿಲ್ಲ. ಸಾರ್ ಪೆನ್ನು ಕಚ್ಚಿಕೊಂಡು ಯೋಚಿಸಿ, "ಮರ ಸಂರಕ್ಷಣಾ ಸಹಾಯಕಿ" ಎಂದು ಬರೆದರು. ಆ ಹುಡುಗಿ ಹಟ್ಟಿಯಲ್ಲಿ ಅದನ್ನು ಹೇಳಿಕೊಂಡು ಬಹಳ ದಿನ ನಕ್ಕಳಂತೆ. ಮುಂದಿನ ಮಳೆಗಾಲದಲ್ಲಿ ನೆಲದ ಮೇಲೆ ಹಿಟ್ಟಿನ ಗುಪ್ಪೆಗಳು ಕಡಿಮೆಯಾದವು, ಅದರ ಮುಂದಿನ ಮಳೆಗಾಲಕ್ಕೆ ಒಂದೂ ಕಾಣಲಿಲ್ಲ. ಎಂಜಿನಿಯರ್ ಮತ್ತೆ ಬಂದು ಸ್ಕ್ರೂಡ್ರೈವರು ಚುಚ್ಚಿದರು. ಈ ಸಲ ಅದು ಜಾರಿ ಅವರ ಬೆರಳಿಗೇ ತಾಗಿತು. ಅದಕ್ಕೆ ನಾನು ಖುಷಿಪಟ್ಟೆ ಎಂದು ಬರೆಯಬಾರದು, ಆದರೆ ಪಟ್ಟೆ.

ಹೊಸಬರೇ, ಆಮೇಲೆ ನಾವು ಇನ್ನೂ ಹಲವು ಕಟ್ಟಡ ಉಳಿಸಿದೆವು. ಕೂನೂರಿನ ಹಳೆಯ ಟೀ ಫ್ಯಾಕ್ಟರಿಯ ಮರದ ಏಣಿಮೆಟ್ಟಿಲು, ತೆಪ್ಪಕಾಡಿನಿಂದ ತಂದ ಒಂದು ಕಾವಲು ಗುಡಿಸಲು. ಪ್ರತಿ ಸಲ ಬಿಚ್ಚುವ ಮುಂಚೆ ಅಲ್ಲಿ ಬದುಕಿದವರ ಹತ್ತಿರ ಒಂದು ದಿನ ಕೂತು, ಈ ಮರವನ್ನು ದಿನಾ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದೇನೆ. ಯಾರೂ ಔಷಧಿಯ ಹೆಸರು ಹೇಳಲಿಲ್ಲ. ಎಣ್ಣೆ ಕೈ ಒರೆಸುತ್ತಿದ್ದೆವು ಎಂದರು, ಮಕ್ಕಳು ಹತ್ತಿ ಇಳಿಯುತ್ತಿದ್ದರು ಎಂದರು. ನಾನು ಅದನ್ನೇ ಬರೆದುಕೊಂಡೆ. ಮತ್ತೆ, ನಂಬರನ್ನು ಸೀಮೆಸುಣ್ಣದಲ್ಲಿ ಹಾಕಬೇಡಿ.

ನಾನು ನಿವೃತ್ತನಾಗುವ ವಾರ ಮಾದಿಯವ್ವ ಬಂದರು. ಬೆನ್ನು ಪೂರ್ತಿ ಬಾಗಿತ್ತು, ಬಾಗಿಲಲ್ಲಿ ತಲೆ ಬಗ್ಗಿಸಬೇಕಾಗಿಯೇ ಇರಲಿಲ್ಲ. ಒಲೆಯ ಮುಂದೆ ಕೂತು ಕೈ ಕಾಯಿಸಿಕೊಂಡರು. ನನ್ನ ತೋಳು ಹಿಡಿದು ಎದ್ದು, ಕಂಬದ ಮೇಲೆ ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಕಾಡಿಗೆಯಂತೆ ಕಪ್ಪಗಿತ್ತು. ತೊಳೆದದ್ದೆಲ್ಲ ತಿರುಗಿ ಬಂದಿತ್ತು.

"ಈಗ ನಂಗ ಮನೆ" ಎಂದರು. ನಂಗ ಎಂದರೆ ನಮ್ಮ.

ನಾನು ಅಂಗೈ ಇಟ್ಟು ಮಾತು ಕೊಟ್ಟ ದಿನದಿಂದ ಎದೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. "ಅವ್ವಾ, ನಾನು ಕೆಲಸದಲ್ಲಿರೋವರೆಗೂ ಬೀಳೋಕೆ ಬಿಡಲ್ಲ ಅಂದಿದ್ದೆ. ಶುಕ್ರವಾರ ನನ್ನ ಕೆಲಸ ಮುಗೀತದೆ. ನಿಮ್ಮ ಕಣ್ಣು ಇನ್ನೂ ಚೆನ್ನಾಗಿ ತೆರೆದೇ ಐತೆ. ಇನ್ನು ಮುಂದೆ ನಾನು ಏನು ಮಾಡ್ಲಿ?"

ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ನಾನಿರೋಗಂಟ ಅಂತ ಕೇಳಿದ್ದು ನನ್ನ ಆಸೆಬುರುಕತನ ತಮ್ಮಾ. ನನ್ನ ಕಣ್ಣು ಬಿಡು. ಕಿಚ್ಚು ಇರೋಗಂಟ ಮನೆ ಇರ್ತೈತೆ. ನಿನ್ನ ಮಾತು ಸಂದಾಯ್ತು, ಮನೆಗೆ ಹೋಗು" ಎಂದರು. ಹಾಗೆನ್ನುತ್ತಲೇ ಆ ಕಪ್ಪು ಬೆರಳನ್ನು ನನ್ನ ಕೆನ್ನೆಗೆ ಒತ್ತಿ, ಮಗುವಿಗೆ ಇಡುವ ಹಾಗೆ ದೃಷ್ಟಿಬೊಟ್ಟು ಇಟ್ಟರು.

ಶುಕ್ರವಾರ ಹಾರ ಹಾಕಿದರು, ಭಾಷಣ ಮಾಡಿದರು, ಯಾರು ಏನು ಹೇಳಿದರೋ ನೆನಪಿಲ್ಲ. ಎಲ್ಲ ಮುಗಿದ ಮೇಲೆ ಆ ಮನೆಗೆ ಹೋಗಿ, ಸೊಸೆಯ ಜೊತೆ ಕೂತು ಆ ದಿನದ ಕೆಂಡಕ್ಕೆ ಬೂದಿ ಮುಚ್ಚಿ ಬಂದೆ.